ಹಲಸಿನ ಮರದ ಕೆಳಗಿನ ಒಲೆ

“ಒಲೆ ನೆಲದ ಮೇಲೆ ಹೂಡಿದ್ದಾರಾ?”

ಸಿಥೊನ್ ಯಾರನ್ನೂ ಉದ್ದೇಶಿಸದೆ ಗಾಳಿಗೇ ಕೇಳಿದ. ಹೊಗೆಯ ವಾಸನೆ ಬಂದರೆ ಸಾಕು, ಕಣ್ಣಿಲ್ಲದ ಆ ಸುಟ್ಟ ಮುಖ ಹೀಗೇ ಬೆಚ್ಚಿ ತಿರುಗುತ್ತಿತ್ತು.

“ಇಲ್ಲಾರೀ, ಮೇಲೆ ಅಡುಗೆಮನೇಲೇ” ಎನ್ನುತ್ತ ಬುವಾ ಗಂಡನ ಅಂಗೈಗೆ ಅಂಟನ್ನದ ಉಂಡೆಯಿಟ್ಟಳು. ಕೆಳಗೆ ಅವಳ ತಾಯಿ ಫೆಂಗ್, ಅಂಗಳದಲ್ಲಿ ಮಲಗಿಸಿದ್ದ ಹಳೆಯ ಬಾಂಬಿನ ಚಿಪ್ಪಿನಿಂದ ಈರುಳ್ಳಿ ಸೊಪ್ಪು ಚಿವುಟುತ್ತಿದ್ದಳು. ಲಾವೋಸಿನ ಆ ಬೆಟ್ಟದೂರಿನಲ್ಲಿ ಮನೆಮನೆಗೂ ಅಂಥ ಕುಂಡವಿತ್ತು. ಅಳಿಯನ ಕಣ್ಣು ತಿಂದ ಪೀಡೆಯ ಹೊಟ್ಟೆಯಲ್ಲಿ ಬೆಳೆದ ಸೊಪ್ಪು, ಅವನ ಸಾರಿಗೇ!

ಕೆಲವು ತಿಂಗಳ ಹಿಂದೆ, ಬುವಾಳ ತಂಗಿ ವಿಲಾಯಳ ನಿಶ್ಚಿತಾರ್ಥದ ದಿನ ದೊಡ್ಡ ಒಲೆಯನ್ನು ಮನೆ ಪಕ್ಕದ ಹಳೆಯ ಜಾಗದಲ್ಲೇ ಹೂಡಬೇಕಿತ್ತು. ಆದರೆ ಕಂಬಗಳ ಮೇಲೆ ನಿಂತ ಮನೆಯಡಿಯ ಮಗ್ಗದಲ್ಲಿ ಮದುವೆಯ ರೇಷ್ಮೆ ಇತ್ತು, ಹೊಗೆ ತಾಗೀತೆಂದು ಫೆಂಗ್ ಹಲಸಿನ ಮರದತ್ತ ಕೈ ತೋರಿದಳು.

“ಅಲ್ಲಿ ನೆಲ ಯಾರೂ ಪರೀಕ್ಷೆ ಮಾಡಿಲ್ಲಮ್ಮ” ಎಂದಿದ್ದ ಸಿಥೊನ್. “ಕಾವು ತಗುಲಿದ್ರೆ ಒಳಗಿರೋದು ಸುಮ್ನಿರಲ್ಲ.”

“ನಾವು ತಂದಿದ್ದು ಮನೆ ಅಳಿಯನ್ನೋ, ಪುಕ್ಕಲು ಕೋಳೀನೋ? ಉಣ್ಣೋಕೆ ಬರುತ್ತೆ, ಒಲೆ ಹಚ್ಚೋಕೆ ಬರಲ್ವಾ!”

ನೆಂಟರೆಲ್ಲ ನಕ್ಕರು. ಅವನು ಹೋಗಿ ಹಚ್ಚಿದ. ನೀರು ಕುದಿಯುವ ಮುನ್ನವೇ ನೆಲ ಸಿಡಿಯಿತು... ಫೆಂಗ್ ಹಸುಗೂಸಾಗಿ ಗುಹೆಯಲ್ಲಿ ತಾಯಿಯ ಎದೆಗೆ ಅಂಟಿದ್ದ ಕಾಲದಲ್ಲಿ ವಿಮಾನದಿಂದ ಬಿದ್ದ ಅಂಥದೇ ಚಿಪ್ಪಿನಿಂದ ಉದುರಿದ, ಮುಷ್ಟಿಗಾತ್ರದ ಒಂದು ಮರಿಬಾಂಬು! ಎಸೆದವರು ಮುದುಕರಾಗಿ ಸತ್ತೂ ಇರಬಹುದು. ಅದು ಮಾತ್ರ ಹಲಸಿನ ಬೇರಿನಡಿ ಹಾಗೇ ಕಾದು ಕುಳಿತಿತ್ತು. ಅಯ್ಯೋ, ಅವನು ಮಣ್ಣಲ್ಲಿ ಹೊರಳಾಡುತ್ತಿದ್ದರೆ ಫೆಂಗ್ ಮೊದಲು ಓಡಿದ್ದೆಲ್ಲಿಗೆ? ಮಗ್ಗದ ಬಳಿಗೆ! ರೇಷ್ಮೆಗೆ ರಕ್ತ ಸಿಡಿದಿದೆಯೋ ಎಂದು ನೋಡಲು! ಆ ನೋಟ ನೆನೆದಾಗಲೆಲ್ಲ ಹೆತ್ತ ತಾಯಿ ಎಂಬ ಮಾತೇ ಬುವಾಳ ಬಾಯಲ್ಲಿ ಹುಳಿಯುತ್ತಿತ್ತು.

ಈಗ ಫೆಂಗ್ ಮೆಟ್ಟಿಲು ಹತ್ತಿ ಬಂದು ಮಗಳ ಪಕ್ಕ ಕುಳಿತಳು. ದನಿಯಲ್ಲಿ ಜೇನು.

“ನಾಳಿದ್ದು ಮದುವೆ ಕಣೇ. ಶಾಸ್ತ್ರದ ಬಾಳೆಎಲೆ ಗೋಪುರ ನೀನೇ ಕಟ್ಬೇಕು. ತಂಗಿ ಕೈಗೆ ಹರಸಿ ಕಟ್ಟೋ ಮೊದಲ ಬಿಳಿ ದಾರಾನೂ ನಿಂದೇ. ಆದ್ರೆ... ಇವನನ್ನ ಆವತ್ತೊಂದಿನ ಗದ್ದೆ ಗುಡಿಸಲಲ್ಲಿ ಬಿಟ್ಟು ಬಾ. ಈ ಮುಖ ನೋಡಿದ್ರೆ ಬೀಗರಿಗೆ ಅನ್ನ ಇಳಿಯುತ್ತಾ?”

“ಈ ಮುಖ ಹೀಗೆ ಮಾಡಿದ್ದು ಯಾರಮ್ಮ?”

“ಬಾಂಬ್ ಹಾಕ್ದೋರು! ನಾನೇನು ವಿಮಾನ ಹಾರಿಸಿದ್ನಾ?”

“ಒಲೆ ಹೂಡಿಸಿದ್ದು ನೀನು.”

ಸಿಥೊನ್ ತಡವರಿಸಿ ಎದ್ದ. “ಹೋಗ್ತೀನಿ ಬಿಡೇ ಬುವಾ... ಗುಡಿಸಲಲ್ಲಿ ಗಾಳಿ ಚೆನ್ನಾಗಿರುತ್ತೆ” ಎಂದು ನಗಲು ಹೋದ, ತುಟಿ ಕೂಡಲಿಲ್ಲ. ಆಸ್ಪತ್ರೆಯಿಂದ ಬಂದ ದಿನ, ಬೆದರಿ ಓಡಿದ ಜೀವ ಮರಳಿ ಬರಲೆಂದು ಬುವಾ ಪ್ರಾರ್ಥಿಸಿ ಕಟ್ಟಿದ ದಾರ ಅವನ ಮಣಿಕಟ್ಟಿನಲ್ಲಿ ಮಾಸಿ ಕಪ್ಪಾಗಿತ್ತು. ಅವಳು ಆ ಕೈ ಹಿಡಿದು ಕೂರಿಸಿದಳು.

ಫೆಂಗ್ ಕೈಜೋಡಿಸಿದಳು. “ಒಂದೇ ದಿನ ಕಣೇ! ನಿನ್ನ ತಂಗಿ ಬಾಳು...”

“ಕಳಿಸಲ್ಲ ಅಮ್ಮ. ದಾರಾನೂ ಕಟ್ಟಲ್ಲ.”