ಸೋಲ್ತಾಳೆ ಅಂದವನ ಮನಸ್ಸು

“ರೊವೀನಾ ಪೈಕ್? ಮೊದಲ ಸುತ್ತಲ್ಲೇ ಸೋಲ್ತಾಳೆ, ಬಿಡಿ!”

ಬ್ರಯನಿ ತಟ್ಟನೆ ತಿರುಗಿದಳು.

ಮರುದಿನದ ಟೆನಿಸ್ ಪಂದ್ಯದ ಟಿಕೆಟ್ಟಿಗಾಗಿ ಡೇರೆ ಹಾಕಿ ಕೂತವರ ಸಾಲು ವಿಂಬಲ್ಡನ್ನಿನ ಹುಲ್ಲುಗಾವಲಲ್ಲಿ ಮರಗಳ ತನಕ ಹಬ್ಬಿತ್ತು. ಪಕ್ಕದ ಹಸಿರು ಡೇರೆಯ ಮುಂದೆ ಕೂತಿದ್ದ ಎತ್ತರದ ಯುವಕ ಆ ಮಾತು ಹೇಳಿದ್ದ. ಕೆದರಿದ ಕೂದಲು, ನಿದ್ದೆ ತುಂಬಿದಂಥ ಶಾಂತ ಕಣ್ಣು... ಇಷ್ಟು ಮೆತ್ತಗಿನ ಮುಖದಿಂದ ಇಂಥ ಕಹಿ ಮಾತೇ!

“ಏನ್ರೀ, ಅವಳು ನಿಮಗೇನು ಮಾಡಿದ್ದಾಳೆ?”

“ವಯಸ್ಸು ಮೂವತ್ತಾರು. ಮೊಣಕಾಲಿಗೆ ಎರಡು ಸಲ ಆಪರೇಷನ್ ಆಗಿದೆ. ಹೇಗ್ರೀ ಗೆಲ್ತಾಳೆ?” ಅವನು ಅವಳತ್ತ ನೋಡಲೂ ಇಲ್ಲ.

ಬ್ರಯನಿಗೆ ಅಳುವೇ ಬಂತು. ಲೀಡ್ಸಿನ ಹಲ್ಲಿನ ಆಸ್ಪತ್ರೆಯಲ್ಲಿ ಕೆಲಸ ಅವಳಿಗೆ. ಮೆಚ್ಚಿನ ಆಟಗಾರ್ತಿ ರೊವೀನಾಳ ಕೊನೆಯ ವಿಂಬಲ್ಡನ್ ಇದೇ ಎಂದು ತಿಳಿದ ದಿನವೇ ಇದ್ದಬದ್ದ ರಜೆಯನ್ನೆಲ್ಲ ಒಟ್ಟುಮಾಡಿ ಓಡಿಬಂದಿದ್ದಳು.

“ಗ್ವಿಲಿಮ್, ಹುಡುಗೀನ ಯಾಕೋ ಅಳಿಸ್ತೀಯ?” ಮಡಚುವ ಕುರ್ಚಿಯಲ್ಲಿ ಕೂತಿದ್ದ, ಪ್ರತಿ ವರ್ಷ ಅವನ ಜೊತೆ ಈ ಸಾಲಿಗೆ ಬರುವ ಎಪ್ಪತ್ತರ ಅಜ್ಜಿ ಮಾವಿಸ್ ಗದರಿದರು. “ಬಾಮ್ಮ, ಕೂತ್ಕೋ. ನಮ್ಮ ಸಾಲಿನ ಕಟ್ಟಳೆ ಕೇಳು. ನಾಳೆ ಯಾರು ಗೆಲ್ತಾರೆ ಅಂತ ಎಲ್ಲರೂ ಹೇಳಬೇಕು. ತಪ್ಪಾದವರು ಎಲ್ಲರಿಗೂ ಚಹಾ ತರಬೇಕು.”

“ರೊವೀನಾ!” ಅಂದಳು ಬ್ರಯನಿ, ಅವನಿಗೆ ಕೇಳುವಷ್ಟು ಜೋರಾಗಿ.

ರೊವೀನಾ ಗೆದ್ದೇ ಗೆದ್ದಳು!

ಗ್ವಿಲಿಮ್ ಚಹಾದ ಲೋಟಗಳನ್ನು ಹಿಡಿದು ಬಂದ. ಸೋತವನ ಮುಖವೇ ಅಲ್ಲ ಅದು!

“ತಪ್ಪಾದ್ರೂ ನಗ್ತೀರಲ್ಲ, ನಾಚಿಕೆ ಇಲ್ವಾ?”

“ಚಹಾ ಆರುತ್ತೆ. ಕುಡೀರಿ.”

ಎರಡನೇ ಸುತ್ತಿಗೂ ಅವನು “ಸೋಲ್ತಾಳೆ” ಅಂದ. ಮೂರನೆಯದಕ್ಕೂ ಅಷ್ಟೇ. ರೊವೀನಾ ಗೆಲ್ಲುತ್ತಲೇ ಹೋದಳು, ಅವನು ಚಹಾ ತರುತ್ತಲೇ ಇದ್ದ.

ನಡುವೆ ಒಂದು ಸಂಜೆ ತುಂತುರು ಬಿತ್ತು. ಬ್ರಯನಿಯ ಡೇರೆ ಸೋರುತ್ತಿದ್ದ ಕಡೆ ಅವನು ಸದ್ದಿಲ್ಲದೆ ತನ್ನ ಕೋಟು ಹೊದಿಸಿದ. ಸ್ಟ್ರಾಬೆರಿ ಹಂಚಿದಾಗ ದಪ್ಪನೆಯವೆಲ್ಲ ಅವಳ ಬಟ್ಟಲಿಗೇ ಬಂದವು. ಕಾರ್ಡಿಫ್‌ನಲ್ಲಿ ಬಸ್ ಓಡಿಸುತ್ತಾನಂತೆ. ಕೊನೆಯ ನಿಲ್ದಾಣದಲ್ಲಿ ಇಳಿದು ಸಮುದ್ರ ನೋಡುತ್ತ ನಿಲ್ಲುತ್ತಾನಂತೆ. ಅವನು ಹೇಳುತ್ತಿದ್ದರೆ ಉಪ್ಪುಗಾಳಿ ತನ್ನ ಕೆನ್ನೆಗೇ ತಾಗಿದಂತಾಗುತ್ತಿತ್ತು ಅವಳಿಗೆ...

*ಬಾಯಿ ಕಹಿ, ಕೈ ಸಿಹಿ. ಇವನಲ್ಲಿ ಯಾವುದನ್ನ ನಂಬಲಿ?*

ನಾಲ್ಕನೇ ಸುತ್ತಿನ ಹಿಂದಿನ ಸಂಜೆ ಮಾವಿಸ್ ಕಣ್ಣು ಮಿಟುಕಿಸಿದರು. “ಪಂದ್ಯದ ಮಾತು ಸಾಕು. ಗ್ವಿಲಿಮ್, ಇದನ್ನ ಹೇಳು. ಮುಂದಿನ ವರ್ಷ ಬ್ರಯನಿ ನಿನ್ನ ಪಕ್ಕ ಇರ್ತಾಳಾ?”

ಎಲ್ಲರೂ ನಕ್ಕರು. ಬ್ರಯನಿ ಮಾತ್ರ ಅವನ ಮುಖವನ್ನೇ ನೋಡಿದಳು. *ಹೂಂ ಅನ್ನು... ಒಂದೇ ಒಂದು ಸಲ!*

ಅವನು ಲೋಟದೊಳಗೇ ನೋಡುತ್ತ ಅಂದ. “ಇಲ್ಲ. ಲೀಡ್ಸಿಗೆ ಹೋದ ಮೇಲೆ ಅವರಿಗೆ ನನ್ನ ಮುಖಾನೂ ನೆನಪಿರಲ್ಲ.”

ಎದೆಯೊಳಗೆ ಏನೋ ಮುರಿಯಿತು. ಬ್ರಯನಿ ಎದ್ದು ಡೇರೆಯೊಳಗೆ ಹೋದಳು.

ಬೆಳಿಗ್ಗೆ ಹುಲ್ಲಿನ ಮೇಲೆ ಇಬ್ಬನಿ. ಸಾಲು ಕದಲುವ ಹೊತ್ತಿಗೆ ಎಲ್ಲರೂ ಡೇರೆ ಮಡಚುತ್ತಿದ್ದರು. ಬ್ರಯನಿ ಮಾತ್ರ ಊರಿನ ರೈಲು ಹಿಡಿಯಲು ಗಂಟು ಕಟ್ಟುತ್ತಿದ್ದಳು.

ಮಾವಿಸ್ ಪಕ್ಕದಲ್ಲಿ ಬಂದು ಕೂತರು.

“ರೊವೀನಾ ಅಂದ್ರೆ ಅವನಿಗೂ ಪ್ರಾಣ ಕಣಮ್ಮ.”

“ಏನು?!”

“ಯಾರು ಗೆಲ್ಲಬೇಕು ಅಂತ ಆಸೆಯೋ ಅವರೇ ಸೋಲ್ತಾರೆ ಅಂತಾನೆ. ಬಾಯಿಬಿಟ್ಟು ಹೇಳಿದ್ರೆ ದೃಷ್ಟಿ ತಾಗುತ್ತೆ ಅಂತ ಭಯ. ಚಿಕ್ಕವನಿದ್ದಾಗ ಅವರಮ್ಮ ಆಸ್ಪತ್ರೇಲಿದ್ರು. ‘ಅಮ್ಮ ಮನೆಗೆ ಬಂದೇ ಬರ್ತಾಳೆ’ ಅಂತ ಬೀದಿಗೆಲ್ಲ ಹೇಳ್ಕೊಂಡು ಓಡಾಡಿದ್ದನಂತೆ...” ಮಾವಿಸ್ ದನಿ ತಗ್ಗಿತು. “ಬರಲಿಲ್ಲ.”

ಬ್ರಯನಿಯ ಕಣ್ಣು ತುಂಬಿತು. ಆದರೆ ನೋವು ಹೋಗಲಿಲ್ಲ. *ಜೀವನವಿಡೀ ಇವನ ಮಾತನ್ನ ಮಗುಚಿ ಹಾಕಿ ಅರ್ಥ ಮಾಡ್ಕೋಬೇಕಾ ನಾನು?*

ಅವಳು ನೇರವಾಗಿ ಅವನ ಎದುರು ಹೋಗಿ ನಿಂತಳು.

“ಮಾವಿಸ್ ಎಲ್ಲ ಹೇಳಿದ್ರು. ಗ್ವಿಲಿಮ್, ನನಗೆ ಊಹೆ ಮಾಡ್ತಾ ಬದುಕೋಕೆ ಬರಲ್ಲ. ನಿಮಗೇನು ಬೇಕೋ ನೇರವಾಗಿ ಹೇಳಿ. ಇಲ್ದಿದ್ರೆ ನಾನು ರೈಲು ಹತ್ತುತ್ತೀನಿ.”

ಅವನು ಡೇರೆಯ ಹಗ್ಗವನ್ನೇ ಮತ್ತೆ ಮತ್ತೆ ಸುತ್ತಿದ. ಅವಳು ಗಂಟನ್ನು ಹೆಗಲಿಗೇರಿಸಿದಳು.

“ರೊವೀನಾ...” ಅವನು ಹಗ್ಗವನ್ನು ಕೆಳಗೆ ಬಿಟ್ಟ. “ರೊವೀನಾ ಇವತ್ತು ಗೆಲ್ಲಬೇಕು. ಮತ್ತೆ... ನೀವು ಹೋಗಬಾರದು. ಇವತ್ತೂ, ಯಾವತ್ತೂ.”

ಬ್ರಯನಿ ಗಂಟನ್ನು ಹುಲ್ಲಿನ ಮೇಲಿಳಿಸಿದಳು.

ದೊಡ್ಡ ಅಂಗಳದ ಟಿಕೆಟ್ ಸಿಗಲಿಲ್ಲ. ಇಬ್ಬರೂ ಹೊರಗಿನ ಹುಲ್ಲುದಿಬ್ಬದ ಮೇಲೆ ಕೂತು ದೊಡ್ಡ ಪರದೆಯಲ್ಲಿ ಪಂದ್ಯ ನೋಡಿದರು. ಬಿಸಿಲು ಜೇನಿನಂತೆ ಇಳಿಯುತ್ತಿತ್ತು. ಅವರ ಕೈಗಳು ಯಾವಾಗ ಸೇರಿದವೋ ಅವರಿಗೇ ತಿಳಿಯಲಿಲ್ಲ.

ಮೂರನೆಯ, ಕೊನೆಯ ಸೆಟ್. ರೊವೀನಾ ಓಡಿದಳು, ತಲುಪಲಿಲ್ಲ. ಎದುರಾಳಿ ಹೊಡೆದ ಚೆಂಡು ಗೆರೆಯೊಳಗೇ ಬಿದ್ದು ದಾಟಿಹೋಯಿತು.

ಮುಗಿಯಿತು.

ದಿಬ್ಬವೆಲ್ಲ ಎದ್ದು ನಿಂತು ಚಪ್ಪಾಳೆ ತಟ್ಟಿತು. ಪರದೆಯಲ್ಲಿ ರೊವೀನಾ ಬಗ್ಗಿ, ಅಂಗಳದ ಹುಲ್ಲನ್ನು ಒಮ್ಮೆ ಸವರಿ ಹೊರಟಳು. ಗ್ವಿಲಿಮ್ ಏಳಲಿಲ್ಲ. ಮುಖ ಬಿಳಿಚಿಕೊಂಡಿತ್ತು. ಮೆಲ್ಲಗೆ ಕೈ ಬಿಡಿಸಿಕೊಂಡ.

“ನಾನು ಹೇಳಬಾರದಿತ್ತು ಬ್ರಯನಿ... ನೋಡಿದ್ರಲ್ಲ?”

ಬ್ರಯನಿ ಕಣ್ಣೊರೆಸಿಕೊಂಡು ಅವನ ಪಕ್ಕ ಮತ್ತೆ ಕೂತಳು. ಬಿಡಿಸಿಕೊಂಡ ಆ ಕೈಯನ್ನು ಎರಡೂ ಕೈಯಲ್ಲಿ ಹಿಡಿದಳು.

“ಅವಳಿಗೆ ಮೊಣಕಾಲು ನೋಯ್ತಿತ್ತು ಕಣೋ, ಅದಕ್ಕೆ ಸೋತಳು. ನೀನು ಗೆಲ್ಲಲಿ ಅಂದಿದ್ದಕ್ಕಲ್ಲ.”

‘ನೀನು’ ಅಂದಳಲ್ಲ! ಅವನು ಮೆಲ್ಲಗೆ ತಲೆಯೆತ್ತಿದ.

“ಮತ್ತೆ... ನಾನು ಕೇಳಿದ ಎರಡನೇದು?”

ಅವಳು ಅವನ ಭುಜಕ್ಕೆ ತಲೆಯಾನಿಸಿದಳು.

“ಅದು ಇಲ್ಲೇ ಕೂತಿದೆಯಲ್ಲ, ಪೆದ್ದು.”