ಅತ್ತೆಯ ಬೆನ್ನ ಹಿಂದಿನ ದನಿ

ನಮ್ಮ ದ್ವೀಪದ ನುಕುವಲೋಫಾ ಪಟ್ಟಣದಲ್ಲಿ ನನ್ನಷ್ಟು ಚೆನ್ನಾಗಿ ಸ್ಪೀಕರ್ ಕೂರಿಸುವವರಿಲ್ಲ. ಆ ಭಾನುವಾರ ಊಟವಾದ ಮೇಲೆ ಸೋದರತ್ತೆ ಮೆಲೆಯನ್ನು ಚಾಪೆಯ ಮೇಲೆ ಕೂರಿಸಿ, ಎದುರಿಗೆ ಎಡಕ್ಕೊಂದು, ಬಲಕ್ಕೊಂದು, ನಡುವೆ ಒಂದು ಸ್ಪೀಕರ್ ಇಟ್ಟು, ಹೋದ ತಿಂಗಳು ನಮ್ಮ ಚರ್ಚಿನಲ್ಲಿ ನಾನೇ ರೆಕಾರ್ಡ್ ಮಾಡಿದ ಹಾಡು ಹಾಕಿದೆ. ಹಾಡುವವರೆಲ್ಲ ತಂತಮ್ಮ ಜಾಗದಲ್ಲಿ ಎದುರಿಗೇ ನಿಂತಂತಿತ್ತು.

“ಭಲೇ ಸೆಮಿಸಿ! ಆದ್ರೆ ನಿಮ್ಮಪ್ಪ ಮಾತ್ರ ಯಾಕೋ ನನ್ನ ಬೆನ್ನ ಹಿಂದೆ ನಿಂತು ಹಾಡ್ತಿದಾನೆ?”

ಅಪ್ಪ ಕಡಲು ಪಾಲಾಗಿ ಆರು ವರ್ಷವಾಗಿತ್ತು. ಅತ್ತೆಯ ಹಿಂದೆ ಇದ್ದದ್ದು ಬರೀ ಗೋಡೆ. ಆದರೂ ಅಲ್ಲಿಂದ ತಣ್ಣನೆಯ ಉಪ್ಪುಗಾಳಿ ಬೀಸಿತು, ದನಿ ನನಗೂ ಕೇಳಿಸಿತು. ಗಾಬರಿಯಿಂದ ಹಾಡು ನಿಲ್ಲಿಸಿದೆ. ಮೂರೂ ಸ್ಪೀಕರ್ ಸುಮ್ಮನಾದವು. ಗೋಡೆಯ ಕಡೆಯ ದನಿ ಮಾತ್ರ ಉಳಿದ ಚರಣವನ್ನು ಪೂರ್ತಿ ಹಾಡಿ ಮುಗಿಸಿತು.

“ನೋಡಿದ್ಯಾ, ಒಂದು ಸ್ವರನೂ ತಪ್ಪಲಿಲ್ಲ ನಮ್ಮಣ್ಣ!” ಎಂದು ಅತ್ತೆ ಬೀಗಿದಳು.