ಉಸಿರಿಗೆ ಸಿಕ್ಕಷ್ಟೇ ಮಾತು

"ನಿಲ್ಸ್ರಿ!"

ಹೆಡ್‌ಫೋನ್‌ನಲ್ಲಿ ಕೇಳಿದ ಗಂಡಸಿನ ದನಿಗೆ ಆಶಾರಾಣಿ ಬೆಚ್ಚಿದಳು.

ಕೆ.ಬಿ. ಬಡಾವಣೆಯ ಆ ಪುಟ್ಟ ಸ್ಟುಡಿಯೋದಲ್ಲಿ, ಮಕ್ಕಳ ಕಾರ್ಟೂನಿನ ತುಂಟ ಗಿಡ್ಡಪ್ಪನಿಗೆ ಮೊದಲಿನಿಂದಲೂ ದನಿ ಕೊಡುತ್ತಿದ್ದವಳು ಅವಳೇ. ಅವಳನ್ನು ನಡುವೆ ತಡೆದವರೇ ಇರಲಿಲ್ಲ!

ಗಾಜಿನ ಆಚೆ ಹೊಸ ಸೌಂಡ್ ಇಂಜಿನಿಯರ್ ಅಂಜನಕುಮಾರ ಕುಳಿತಿದ್ದ.

"ಮೇಡಂ, ನಿಮ್ಮ ದನಿ ಕೊನೆಗೆ ಬಿರುಕು ಬಿಟ್ಟಂಗೆ ಕೇಳ್ತೈತೆ. ಒಂದ್ಸಲ ಡಾಕ್ಟ್ರಿಗೆ ತೋರಿಸ್ರಿ."

"ಇವತ್ತು ಕೆಲ್ಸಕ್ಕೆ ಸೇರಿ ಇವತ್ತೇ ನನ್ನ ದನಿ ಪರೀಕ್ಷೆ ಮಾಡ್ತೀರಾ? ನಿನ್ನೆ ವಿದ್ಯಾನಗರದ ಕಾಲೇಜಿನಾಗ ಕಾಮಿಡಿ ಷೋ ಇತ್ತು. ಕೂಗಿ ಕೂಗಿ ಗಂಟ್ಲು ಕಟ್ಟೈತೆ, ಅಷ್ಟೇ!"

ಅವನು ನಗಲಿಲ್ಲ. ಊರನ್ನೇ ನಗಿಸುವವಳ ಎದುರು, ಅವನ ಕಣ್ಣಲ್ಲಿ ಬರೀ ಆತಂಕವಿತ್ತು. ಅವಳಿಗೆ ಸಿಟ್ಟು ಬಂತು... ಆದರೆ ಮನೆಗೆ ಹೋದ ಮೇಲೂ ಆ ಕಣ್ಣುಗಳೇ ನೆನಪಾದವು.

ದಿನ ಕಳೆದಂತೆ ಸಿಟ್ಟು ಕರಗಿತು. ಸಂಜೆ ಇಬ್ಬರೂ ಮಂಡಕ್ಕಿ-ಮೆಣಸಿನಕಾಯಿ ಮುಂದಿಟ್ಟುಕೊಂಡು ಹರಟುತ್ತಿದ್ದರು. ಅವಳ ಜೋಕಿಗೆ ಎಲ್ಲರೂ ನಕ್ಕು ಮುಗಿಸಿದ ಮೇಲೆ ಅವನು ನಗುತ್ತಿದ್ದ. ಆ ತಡವಾದ ನಗುವಿಗಾಗಿ ಅವಳು ಕಾಯತೊಡಗಿದಳು.

"ಡಾಕ್ಟ್ರಿಗೆ ತೋರಿಸಿದ್ರಾ?" ಅವನು ದಿನಾ ಕೇಳುತ್ತಿದ್ದ.

"ನಾಳೆ," ಅನ್ನುತ್ತಿದ್ದಳು ಅವಳು.

'ಮಾತಾಡಬ್ಯಾಡ ಅಂತ ಡಾಕ್ಟ್ರು ಅಂದುಬಿಟ್ರೆ? ದನಿ ಬಿಟ್ರೆ ನನ್ನ ಹತ್ರ ಇನ್ನೇನೈತೆ?' ಆ ಭಯವನ್ನು ಅವಳು ಯಾರಿಗೂ ಹೇಳಲಿಲ್ಲ.

ಒಂದು ಬೆಳಿಗ್ಗೆ ಸ್ಟುಡಿಯೋಗೆ ಬಂದಾಗ ಒಳಗಿನಿಂದ ಗಿಡ್ಡಪ್ಪ ಮಾತಾಡುತ್ತಿದ್ದ. ಬೇರೆ ಯಾರದೋ ದನಿಯಲ್ಲಿ!

ಮಾಲೀಕ ವೀರೇಶ್ ಮುಖ ತಿರುಗಿಸಿದ. "ನಿಮ್ಮ ದನಿ ಸದ್ಯಕ್ಕೆ ನಡೆಯಲ್ಲ ಅಂತ ಅಂಜನನೇ ಹೇಳಿದ್ನಲ್ರಿ."

ಆಶಾರಾಣಿ ತಿರುಗಿ ಸರಸರನೆ ಹೊರನಡೆದಳು.

"ಆಶಾ, ಹಂಗಲ್ಲ... ನಿಮಗೆ ರಜಾ ಕೊಡ್ರಿ ಅಂದಿದ್ದೆ, ಅಷ್ಟೇ!" ಅಂಜನಕುಮಾರ ಹಿಂದೆಯೇ ಓಡಿ ಬಂದ.

"ನನ್ನ ಜೊತೆ ಕೂತು ಉಂಡು, ನನ್ನ ಅನ್ನಾನೇ ಕಿತ್ಕೊಂಡ್ರಲ್ಲ! ಇನ್ನು ನಿಮ್ಮ ಮುಖ ತೋರಿಸಬ್ಯಾಡ್ರಿ."

ಆಮೇಲೆ ಅವಳು ಬಂದ ಷೋ ಯಾವುದನ್ನೂ ಬಿಡಲಿಲ್ಲ. ಕರೂರಿನ ಫ್ಯಾಕ್ಟರಿಯ ಆಯುಧಪೂಜೆ, ಹರಿಹರದ ಬಟ್ಟೆ ಅಂಗಡಿಯ ಉದ್ಘಾಟನೆ... ದನಿ ದಪ್ಪಗಾಯಿತು, ಒರಟಾಯಿತು. "ಗಂಡಸ್ರ ದನಿ ಏನ್ ಚಂದ ತೆಗೀತಾಳಪ್ಪ!" ಎಂದು ಜನ ಇನ್ನೂ ಹೆಚ್ಚು ನಕ್ಕರು.

"ನೀರು ಕುಡಿದ್ರೂ ಕೆಮ್ತೀಯಲ್ಲವ್ವ..." ಎಂದು ತಾಯಿ ದುರುಗವ್ವ ಕಣ್ಣೊರೆಸಿಕೊಂಡಳು.

ಹರಿಹರದ ಒಂದು ಸಭೆಯಲ್ಲಿ, ಅತ್ತೆ-ಸೊಸೆ ಜಗಳವನ್ನು ನಟಿಸುವ ನಡುವೆ, ಆಶಾರಾಣಿ ಬಾಯಿ ತೆರೆದಳು.

ದನಿ ಬರಲಿಲ್ಲ.

ಮತ್ತೆ ಪ್ರಯತ್ನಿಸಿದಳು. ಕತ್ತಿನ ನರ ಉಬ್ಬಿದವು, ಕಣ್ಣು ಮೇಲಾದವು. ಅದೂ ನಟನೆಯೆಂದು ಜನ ಬಿದ್ದು ಬಿದ್ದು ನಕ್ಕರು! ಶಿಳ್ಳೆ ಹೊಡೆದರು!

ಅವಳ ಷೋ ಎಂದು ಗೊತ್ತಾಗಿ, ಅವತ್ತು ಧ್ವನಿವರ್ಧಕದ ಕೆಲಸವನ್ನು ಅಂಜನಕುಮಾರ ತಾನೇ ಕೇಳಿ ಪಡೆದಿದ್ದ. ಅವನು ಮೈಕಿನ ಸದ್ದನ್ನು ಪೂರ್ತಿ ಏರಿಸಿದ. ಬರೀ ಉಸಿರು ಕೇಳಿತು. ಜನರ ನಗು ನಿಲ್ಲುವ ಮೊದಲೇ ಅವನು ವೇದಿಕೆಗೆ ಓಡಿದ್ದ.

ಗಂಟಲಿನ ಕ್ಯಾನ್ಸರ್.

"ಧ್ವನಿಪೆಟ್ಟಿಗೆ ತೆಗೀಲೇಬೇಕು," ಎಂದರು ಡಾಕ್ಟರು. "ಮೊದಲೇ ಬಂದಿದ್ರೆ ಉಳಿಸಬಹುದಿತ್ತೇನೋ..."

ಆಪರೇಷನ್ ಆಯಿತು. ಈಗ ಅವಳು ಕತ್ತಿನ ರಂಧ್ರದಿಂದ ಉಸಿರಾಡುತ್ತಿದ್ದಳು. ಹರಿಹರದ ತನ್ನ ಮನೆಯ ಕನ್ನಡಿಗೆ ಬಟ್ಟೆ ಹೊದಿಸಿದಳು. ಅಂಜನಕುಮಾರ ಬಂದಾಗಲೆಲ್ಲ ಕೋಣೆಯ ಬಾಗಿಲು ಹಾಕಿಕೊಂಡಳು. ಅವನು ದುರುಗವ್ವನ ಜೊತೆ ಕಟ್ಟೆಯ ಮೇಲೆ ಕೂತು ಹೋಗುತ್ತಿದ್ದ.

"ಅವಳು ಅಳೋದೂ ಕೇಳ್ಸಲ್ಲರಿ," ಎಂದಳು ದುರುಗವ್ವ ಒಂದು ದಿನ. "ಬಾಯಿ ತೆಗೀತಾಳೆ, ಕಣ್ಣೀರು ಬರ್ತೈತೆ... ಸದ್ದೇ ಇಲ್ಲ. ಪಕ್ಕದಾಗ ಮಲಗಿದ್ರೂ ನಂಗೆ ಗೊತ್ತಾಗಲ್ಲ."

ಮುಂದಿನ ಸಲ ಅವನು ಒಂದು ಫೋನ್ ತಂದ. ಆವತ್ತು ದುರುಗವ್ವನ ಒತ್ತಾಯಕ್ಕೆ ಆಶಾರಾಣಿ ಹೊರಗೆ ಬಂದಳು.

"ನಿಮ್ಮ ಹಳೇ ರೆಕಾರ್ಡಿಂಗ್ ಎಲ್ಲಾ ಹಾಕಿ ಇದನ್ನ ಮಾಡ್ಸೀನಿ. ಇದ್ರಾಗ ಬರೆದ್ರೆ ನಿಮ್ಮ ದನಿಯಾಗೇ ಮಾತಾಡ್ತೈತೆ."

ಅವಳು ಬರೆದಳು. ಫೋನ್ ಕರೆಯಿತು, "ಅವ್ವಾ..."

ಬಿರುಕಿಲ್ಲದ, ಎಳೆಯ, ಅವಳದೇ ದನಿ!

ದುರುಗವ್ವ ಬಿಕ್ಕಿದಳು. "ಓ... ನನ್ನವ್ವಾ!" ಎನ್ನುತ್ತಾ ಓಡಿ ಬಂದು ಎದೆಗೆ ಅಪ್ಪಿಕೊಂಡಳು. ಫೋನನ್ನು! ಎದುರಿಗೆ ನಿಂತ ಮಗಳನ್ನಲ್ಲ.

ಆಶಾರಾಣಿ ಮೆಲ್ಲನೆ ಫೋನ್ ಬಿಡಿಸಿಕೊಂಡು ಆ ದನಿಯನ್ನು ಬಂದ್ ಮಾಡಿದಳು.

ಅಂಜನಕುಮಾರನಿಗೆ ಎಲ್ಲವೂ ಅರ್ಥವಾಯಿತು. ಅವನು ಕಟ್ಟೆಯ ಮೇಲೆ ಕೂತ. "ತಪ್ಪಾಯ್ತು ಆಶಾ... ಅವತ್ತೂ ತಪ್ಪು ಮಾಡ್ದೆ. ಮಾಲೀಕ್ರಿಗೆ ಹೇಳೋ ಬದ್ಲು ನಿಮ್ಮ ಕೈ ಹಿಡ್ಕೊಂಡು ಆಸ್ಪತ್ರೆಗೆ ಕರ್ಕೊಂಡು ಹೋಗಬೇಕಿತ್ತು. ಸಿಟ್ಟು ಮಾಡ್ಕೊಂಡು ದೂರ ಆಗ್ತೀರೇನೋ ಅಂತ ಹೆದರಿದೆ. ಅಷ್ಟು... ಅಷ್ಟು ಇಷ್ಟ ಆಗಿದ್ರಿ."

ಅವಳು ಬರೆದು ಫೋನಿನ ತೆರೆಯನ್ನು ಅವನತ್ತ ತಿರುಗಿಸಿದಳು: 'ನೀವು ದಿನಾ ಹೇಳಿದ್ರಿ. ಕೇಳದವಳು ನಾನು.'

ಗಾಳಿ ನುಂಗಿ, ತೇಗಿನಂತೆ ಹೊರಗೆ ತಂದು ಮಾತಾಡುವುದನ್ನು ಆಸ್ಪತ್ರೆಯಲ್ಲಿ ಕಲಿಸಿದ್ದರು. ನಾಚಿಕೆಯಿಂದ ಅವಳು ಯಾರ ಎದುರೂ ಪ್ರಯತ್ನಿಸಿರಲಿಲ್ಲ. ಈಗ ಗಾಳಿ ನುಂಗಿದಳು.

ದೊಡ್ಡದೊಂದು ತೇಗು ಬಂತು!

ಅವನು ಬೆಚ್ಚಿದ. ಆಶಾರಾಣಿಯ ಭುಜಗಳು ಕುಲುಕಿದವು. ಅಳುತ್ತಿದ್ದಾಳೆಂದು ಅವನು ಎದ್ದ. ಇಲ್ಲ... ಅವಳು ನಗುತ್ತಿದ್ದಳು!

ನಗು ನಿಂತ ಮೇಲೆ ಮುಖ ಮಂಕಾಯಿತು. ಬರೆದಳು: 'ಕಾಯಿಲೆ ಮತ್ತೆ ಬಂದ್ರೆ?'

"ಬರಲ್ಲ ಅಂತ ಸುಳ್ಳು ಹೇಳಲ್ಲ. ಬಂದ್ರೂ ನಾನು ಇಲ್ಲೇ ಇರ್ತೀನಿ. ನಾಳೆ ಬರ್ಲಾ? ನಾಡಿದ್ದು? ದಿನಾ?"

ಅವಳು ಮತ್ತೆ ಗಾಳಿ ನುಂಗಿದಳು. ಸದ್ದು ಬರಲಿಲ್ಲ. ಇನ್ನೊಮ್ಮೆ ನುಂಗಿದಳು. ಕಲ್ಲಿನ ಮೇಲೆ ಕೊಡ ಎಳೆದಂಥ ದನಿಯೊಂದು ಹೊರಬಂತು.

"ಬಾ."

ಅಂಜನಕುಮಾರನ ಕಣ್ಣು ತುಂಬಿದವು. "ಇಷ್ಟು ದಿನ 'ಬರ್ರಿ' ಅಂತಿದ್ರಿ... ಇವತ್ತು 'ಬಾ' ಅಂದ್ರಲ್ಲ ಆಶಾ!"

ಅವಳು ಅವನ ಕೈ ಹಿಡಿದುಕೊಂಡೇ, ಇನ್ನೊಂದು ಕೈಯಲ್ಲಿ ಬರೆದು ತೋರಿಸಿದಳು:

'ಗಾಳಿ ಅಷ್ಟೇ ಇತ್ತು.'